ಆಟದೊಳಗಿನ ಆರಾಧ್ಯರು

ಜನರು ಪೂಜಿಸುವ ದೇವತೆಯನ್ನಾಗಲಿ ಮಹಾಪುರುಷನನ್ನಾಗಲಿ ಕಲ್ಪಿತವಾದ ಒಂದು ಇತಿಹಾಸದಲ್ಲಿ ತಂದು ನಿಲ್ಲಿಸಿ, ಅದನ್ನು ವಿನೋದಕ್ಕೆ ವಸ್ತುವಾಗಿ ಮಾಡಬಹುದೇ? ಈ ಪ್ರಶ್ನೆಯು ಬಹು ಹಳೆಯದು. ಆದರೆ ಅದು ಇತ್ತೀಚೆಗೆ ಹೊಸ ವೇಷವನ್ನು ತೊಟ್ಟು ನಮ್ಮ ಮನೆಗಳನ್ನು ಪ್ರವೇಶಿಸಿರುತ್ತದೆ. ಗಣಕಯಂತ್ರದ ತೆರೆಯ ಮೇಲೂ ಮೊಬೈಲಿನ ಮೇಲೂ ಆಡುವ ವಿಡಿಯೋ ಗೇಮುಗಳೆಂಬ ಆಟಗಳನ್ನು ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಹುಡುಗರು ಚೆನ್ನಾಗಿ ಬಲ್ಲರು. ಅವರ ಅಜ್ಜಂದಿರಾದ ನಾವು ಅಷ್ಟಾಗಿ ಅರಿಯೆವು. ಇವುಗಳಲ್ಲಿ ಕೆಲವು ಬರಿಯ ಕೈಚಳಕದ ಆಟಗಳು. ಕೆಲವಾದರೋ ದೊಡ್ಡ ಕಾದಂಬರಿಗಳಂತೆ ಕಥೆಯುಳ್ಳವು. ಆಡುವವನು ಆ ಕಥೆಯನ್ನು ಓದುತ್ತ ಕೂಡ್ರುವದಿಲ್ಲ. ತಾನೇ ಅದರೊಳಗೊಂದು ಪಾತ್ರವಾಗಿ ನಡೆದು, ಕಾದಿ, ಸೋತು, ಗೆದ್ದು, ಕಥೆಯನ್ನು ಮುಂದಕ್ಕೆ ಸಾಗಿಸುತ್ತಾನೆ.

ಅಂಥ ಕಥೆಗಳಲ್ಲಿ ಪೂಜ್ಯರಾದವರು ಹೇಗೆ ಬರುತ್ತಾರೆಂಬದನ್ನು ಎರಡು ಮೂರು ದೃಷ್ಟಾಂತಗಳಿಂದ ತಿಳಿದುಕೊಳ್ಳೋಣ. ೨೦೦೭ರಲ್ಲಿ ಫ್ರಾನ್ಸ್ ದೇಶದ ಯೂಬಿಸಾಫ್ಟ್ ಸಂಸ್ಥೆಯು ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ಆಟವನ್ನು ಹೊರತಂದಿತು. ಜೆರುಸಲೇಮ ಪಟ್ಟಣದ ಸಲುವಾಗಿ ಕ್ರೈಸ್ತರಿಗೂ ಮುಸಲ್ಮಾನರಿಗೂ ನಡೆದ ಯುದ್ಧಗಳ ಕಾಲ, ಎಂದರೆ ಕ್ರಿ. ಶ. ೧೧೯೧, ಅದರ ಹಿನ್ನೆಲೆಯು. ಈಗ ಅನೇಕ ಭಾಗಗಳಾಗಿ ಬೆಳೆದಿರುವ ಆ ಆಟಮಾಲೆಯ ಕಥೆಯೇನೆಂದರೆ, ಪರರ ಮನಸ್ಸನ್ನು ವಶಮಾಡಿಕೊಳ್ಳುವ ಉಪಕರಣಗಳನ್ನು ಮಾನವರಿಗಿಂತ ಹಿಂದಿನ ಒಂದು ಜನಾಂಗವು ಮಾಡಿಟ್ಟಿತ್ತು. ಎರಡು ಗುಪ್ತಕೂಟಗಳು ಅವುಗಳಿಗಾಗಿ ಶತಮಾನಗಳಿಂದ ಹೋರಾಡುತ್ತಿರುವವು. ಮೋಶೆಗೆ ಕೆಂಪು ಸಮುದ್ರವು ದಾರಿ ಬಿಟ್ಟದ್ದು, ಏಸುಕ್ರಿಸ್ತನು ನೀರನ್ನು ದ್ರಾಕ್ಷಾರಸವಾಗಿ ಮಾಡಿದ್ದು, ಇವೆಲ್ಲ ಅಂಥ ಉಪಕರಣವು ಹುಟ್ಟಿಸಿದ ಭ್ರಮೆಗಳೇ ಎಂದು ಅದರೊಳಗಿನ ಗುರುವೊಬ್ಬನು ಹೇಳುತ್ತಾನೆ. ೨೦೦೯ರಲ್ಲಿ ಬಂದ ಎರಡನೆಯ ಭಾಗದ ಚಿತ್ರದೊಗಟುಗಳಲ್ಲಿ, ಮಹಾತ್ಮಾ ಗಾಂಧಿಯವರ ಬಳಿಯೂ ಅಂಥದೊಂದು ಉಪಕರಣವಿತ್ತೆಂದು ಸೂಚಿಸಲಾಗಿದೆ. ಇನ್ನು ೨೦೧೬ರಲ್ಲಿ ಜಪಾನಿನ ಅಟ್ಲಸ್ ಸಂಸ್ಥೆಯು ತನ್ನ ‘ಶಿನ್ ಮೆಗಾಮಿ ಟೆನ್ಸೇ’ ಮಾಲೆಯಲ್ಲಿ ಹೊರತಂದ ಆಟವೊಂದರಲ್ಲಿ ಶ್ರೀಕೃಷ್ಣನು ನಾನಾ ದೇಶಗಳ ದೇವತೆಗಳ ಕೂಟಕ್ಕೆ ಮುಂದಾಳಾಗಿ, ಆಡುವವನಿಗೆ ಪ್ರತಿಪಕ್ಷದವನಾಗಿ ನಿಲ್ಲುತ್ತಾನೆ.

ಇದನ್ನು ಕೇಳಿದ ಕೂಡಲೆ ನಮ್ಮಲ್ಲಿ ಎರಡು ಪಕ್ಷಗಳು ಹುಟ್ಟುವವು. “ಇದು ದೈವನಿಂದೆಯು, ಸರಕಾರವು ಇಂಥ ಆಟಗಳನ್ನು ನಿಲ್ಲಿಸತಕ್ಕದ್ದು” ಎಂಬದು ಒಂದು ಪಕ್ಷ. “ಆಟವೆಂದ ಮೇಲೆ ಆಟವೇ, ಅದರಲ್ಲಿ ವಿಚಾರಿಸತಕ್ಕದ್ದೇನು?” ಎಂಬದು ಇನ್ನೊಂದು. ಮೊದಲಿನವರು ಕಲ್ಪನೆಯನ್ನೇ ಅಪರಾಧವೆಂದು ಬಗೆಯುತ್ತಾರೆ. ಎರಡನೆಯವರು ಕಲ್ಪನೆಗೆ ಯಾವ ಹೊಣೆಯೂ ಇಲ್ಲವೆಂದು ಬಗೆಯುತ್ತಾರೆ. ಈ ಎರಡೂ ನಮ್ಮ ನಾಡಿನ ನಡೆವಳಿಕೆಗೂ ನಮ್ಮ ಶಾಸ್ತ್ರಕಾರರ ಅಭಿಪ್ರಾಯಕ್ಕೂ ಒಪ್ಪುವಂಥವಲ್ಲವೆಂದು ತೋರುವದರಿಂದ, ವಾಚಕರೊಂದಿಗೆ ಈ ವಿಷಯವನ್ನು ಸ್ವಲ್ಪ ವಿಚಾರಿಸಬೇಕೆಂದು ಈ ಲೇಖನವನ್ನು ಬರೆದಿದೆ.

ಮೊದಲು ‘ಆಟ’ವೆಂಬ ಶಬ್ದವನ್ನೇ ನೋಡೋಣ. ಚಿಣ್ಣಿಕೋಲು ಆಡುವದೂ ಆಟವೇ. ಬಯಲಾಟ, ದೊಡ್ಡಾಟ, ಸಣ್ಣಾಟಗಳೂ ಆಟಗಳೇ. ಕೃಷ್ಣಾ ಘಟಪ್ರಭೆಗಳ ನಡುವಣ ನಮ್ಮ ಸೀಮೆಯಲ್ಲಿ ಶ್ರೀಕೃಷ್ಣಪಾರಿಜಾತವನ್ನು ಅರಿಯದ ಊರಿಲ್ಲ. ಅಪರಾಳದ ತಮ್ಮಣ್ಣನ ಕೃತಿಯನ್ನು ಕುಲಗೋಡದ ತಮ್ಮಣ್ಣನು ಆಟಕ್ಕೆ ಒಗ್ಗಿಸಿದನೆಂದು ಪ್ರಸಿದ್ಧಿಯಿರುತ್ತದೆ; ಕೌಜಲಗಿಯ ನಿಂಗಮ್ಮನಂಥ ಕಲಾವಿದೆಯರು ಅದರ ಕೀರ್ತಿಯನ್ನು ನಾಡಿನ ತುಂಬ ಹಬ್ಬಿಸಿದರು. ಅದರ ಕಥೆಯು ಎಲ್ಲರಿಗೂ ತಿಳಿದದ್ದೇ. ನಾರದನು ಸ್ವರ್ಗದಿಂದ ಪಾರಿಜಾತದ ಹೂವನ್ನು ತರುತ್ತಾನೆ, ಅದು ರುಕ್ಮಿಣಿಗೆ ಸಲ್ಲುತ್ತದೆ, ಸತ್ಯಭಾಮೆಯು ಮುನಿಯುತ್ತಾಳೆ, ಹದಿನಾಲ್ಕು ಲೋಕಗಳ ಒಡೆಯನು ಹೆಂಡತಿಯ ಬಾಗಿಲಲ್ಲಿ ನಿಂತು ಸಮಾಧಾನ ಹೇಳಿ ಹೇಳಿ ದಣಿಯುತ್ತಾನೆ. ದೂತಿಯೂ ಭಾಗವತನೂ ಅವನನ್ನು ಹಾಸ್ಯ ಮಾಡದೆ ಬಿಡುವದಿಲ್ಲ. ಕೃಷ್ಣದೇವರಾಯನ ಆಸ್ಥಾನದ ತೆಲುಗು ಕವಿ ಮುಕ್ಕು ತಿಮ್ಮನನು ಇದೇ ಕಥೆಯನ್ನು ಬರೆಯುವಾಗ, ಕಾಲಿಗೆರಗಿದ ಕೃಷ್ಣನ ತಲೆಯನ್ನು ಸತ್ಯಭಾಮೆಯು ಎಡಗಾಲಿನಿಂದ ಒದ್ದಳೆಂದು ವರ್ಣಿಸಿರುವನು. ಜಾತ್ರೆಯಲ್ಲಿ ನೆರೆದ ಸಾವಿರಾರು ಜನ ಭಕ್ತರು ಬೆಳಗಾಗುವವರೆಗೆ ಕುಳಿತು ಈ ಆಟವನ್ನು ನೋಡಿ ನಗುವರು. ಮರುದಿನ ಅದೇ ಕೃಷ್ಣನ ಗುಡಿಯಲ್ಲಿ ಕೈಮುಗಿಯುವರು. ನಗೆಗೂ ಭಕ್ತಿಗೂ ಅವರ ಮನಸ್ಸಿನಲ್ಲಿ ಜಗಳವಿಲ್ಲ. ಆದ್ದರಿಂದ ದೇವರನ್ನು ಆಟದಲ್ಲಿ ತರುವದೇ ನಿಂದೆಯೆನ್ನುವವರು ಮೊದಲು ಪಾರಿಜಾತದ ಮೇಳವನ್ನು ಊರು ಬಿಡಿಸಬೇಕಾದೀತು.

“ಪಾರಿಜಾತವು ಪುರಾಣದಿಂದಲೇ ಬಂದ ಕಥೆಯು, ಇಲ್ಲಿಯಾದರೆ ಇತಿಹಾಸವನ್ನೇ ಬದಲಿಸಿದ್ದಾರಲ್ಲ” ಎಂದು ಯಾರಾದರೂ ಕೇಳಬಹುದು. ಕಥೆಯನ್ನು ಬದಲಿಸಿದವರು ನಮ್ಮ ಕವಿಗಳಲ್ಲಿ ಕಡಿಮೆಯಿಲ್ಲ. ೯೪೧ರಲ್ಲಿ ವಿಕ್ರಮಾರ್ಜುನವಿಜಯವನ್ನು ಬರೆದ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ಯುದ್ಧದ ತರುವಾಯ ಅರ್ಜುನನಿಗೇ ಪಟ್ಟ ಕಟ್ಟಿಸಿದನು. ನಮ್ಮ ಮುಧೋಳದಲ್ಲಿಯೇ ೯೪೯ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು, ಚಾಲುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡು ಗದಾಯುದ್ಧವನ್ನು ಬರೆದನು. ಅಲ್ಲಿ ಭೀಮನಿಗೆ ಪಟ್ಟವಾಗುತ್ತದೆ, ಮತ್ತು ದುರ್ಯೋಧನನು ನಮ್ಮ ಕಣ್ಣಲ್ಲಿ ನೀರು ತರಿಸುವಷ್ಟು ದೊಡ್ಡವನಾಗುತ್ತಾನೆ. ವಿಜಯಪುರದಲ್ಲಿ ಮಲ್ಲಿನಾಥಜಿನಾಲಯವನ್ನು ಕಟ್ಟಿಸಿದ ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣನು. ಸೀತೆಯ ದೃಢತೆಯನ್ನು ಕಂಡು ಅಲ್ಲಿಯ ರಾವಣನು ಪಶ್ಚಾತ್ತಾಪಪಡುತ್ತಾನೆ. ವಾಲ್ಮೀಕಿಯನ್ನೇ ಓದಿದವನಿಗೆ ಇದು ಇತಿಹಾಸವನ್ನು ತಲೆಕೆಳಗು ಮಾಡಿದಂತೆ ತೋರೀತು. ಆದರೂ ಕನ್ನಡಿಗರು ಸಾವಿರ ವರುಷಗಳಿಂದ ಈ ಕವಿಗಳನ್ನು ತಲೆಯ ಮೇಲಿಟ್ಟುಕೊಂಡಿದ್ದಾರೆ.

ಇವೆಲ್ಲಕ್ಕಿಂತ ನಮ್ಮ ಪ್ರಶ್ನೆಗೆ ಹತ್ತಿರವಾದದ್ದು ಅಲ್ಲಮಪ್ರಭುದೇವರ ಚರಿತ್ರೆಯು. ಹರಿಹರನು ತನ್ನ ರಗಳೆಯಲ್ಲಿ ಹೇಳುವ ಅಲ್ಲಮನು ಕಮಲತೆಯೆಂಬ ಕನ್ನೆಯನ್ನು ಮನಸಾರೆ ಒಲಿದವನು. ಅವಳು ಜ್ವರದಿಂದ ತೀರಿಕೊಳ್ಳಲು ಹುಚ್ಚನಂತೆ ಅಲೆದು, ಕಡೆಗೆ ನೆಲದೊಳಗಿನ ಗುಡಿಯಲ್ಲಿ ಅನಿಮಿಷಯ್ಯನ ಕೈಯಿಂದ ಲಿಂಗವನ್ನು ಪಡೆದು ವಿರಕ್ತನಾಗುತ್ತಾನೆ. ಪ್ರೌಢದೇವರಾಯನ ಕಾಲದ ಚಾಮರಸನು ಇದನ್ನು ಒಪ್ಪಲಿಲ್ಲ. ಅವನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನು ಹುಟ್ಟಿನಿಂದಲೇ ನಿರ್ಲಿಪ್ತನು. ಬನವಸೆಯ ರಾಜಕುಮಾರಿಯಾಗಿ ಬಂದ ಮಾಯೆಯೇ ಅವನನ್ನು ಹಿಡಿಯಲಾರದೆ ಸೋಲುತ್ತಾಳೆ. ಒಬ್ಬನೇ ಮಹಾನುಭಾವನಿಗೆ, ಒಂದೇ ಪಂಥದ ಭಕ್ತರು, ಒಂದಕ್ಕೊಂದು ಕೂಡದ ಎರಡು ಚರಿತ್ರೆಗಳನ್ನು ಕಟ್ಟಿದ್ದಾರೆ. ಎರಡೂ ಏಕಕಾಲಕ್ಕೆ ನಡೆದ ಸಂಗತಿಗಳಾಗಿರಲಾರವು. ಆದರೆ ಎರಡನ್ನೂ ಓದಿ ಎದ್ದವನ ಮನಸ್ಸಿನಲ್ಲಿ ಉಳಿಯುವದು ಒಂದೇ: ಯಾವದಕ್ಕೂ ಅಂಟಿಕೊಳ್ಳದ ಆ ಅರಿವು. ಹರಿಹರನು ಅದನ್ನು ದುಃಖದ ದಾರಿಯಿಂದ ತೋರಿಸುತ್ತಾನೆ. ಚಾಮರಸನು ಲೀಲೆಯ ದಾರಿಯಿಂದ ತೋರಿಸುತ್ತಾನೆ.

ನಮ್ಮ ಅಲಂಕಾರಶಾಸ್ತ್ರಕಾರರು ಈ ಸ್ವಾತಂತ್ರ್ಯವನ್ನು ಮನ್ನಿಸಿದ್ದಾರೆ. ಅಷ್ಟೇ ಅಲ್ಲ, ಕೆಲವೆಡೆಗಳಲ್ಲಿ ವಿಧಿಸಿದ್ದಾರೆ. ಮೂಲಕಥೆಯಲ್ಲಿ ನಾಯಕನಿಗೆ ಅನುಚಿತವಾದದ್ದು, ಇಲ್ಲವೆ ರಸಕ್ಕೆ ವಿರುದ್ಧವಾದದ್ದು ಇದ್ದರೆ ಅದನ್ನು ಬಿಡಬೇಕು, ಇಲ್ಲವೆ ಬೇರೆ ರೀತಿಯಾಗಿ ಕಲ್ಪಿಸಬೇಕು ಎಂದು ದಶರೂಪಕದಲ್ಲಿ ಧನಂಜಯನು ಹೇಳುತ್ತಾನೆ. ಮಾಯುರಾಜನು ತನ್ನ ಉದಾತ್ತರಾಘವದಲ್ಲಿ ರಾಮನು ಮರೆಯಲ್ಲಿ ನಿಂತು ವಾಲಿಯನ್ನು ಕೊಂದ ಸಂಗತಿಯನ್ನೇ ಬಿಟ್ಟನೆಂದೂ, ಭವಭೂತಿಯ ಮಹಾವೀರಚರಿತದಲ್ಲಿ ರಾವಣನ ಸ್ನೇಹಕ್ಕಾಗಿ ವಾಲಿಯೇ ರಾಮನ ಮೇಲೆ ಏರಿ ಬಂದನೆಂದೂ ವ್ಯಾಖ್ಯಾನಕಾರನಾದ ಧನಿಕನು ಉದಾಹರಿಸುತ್ತಾನೆ. ಅದೇ ಭವಭೂತಿಯು ಉತ್ತರರಾಮಚರಿತದಲ್ಲಿ, ಭೂಮಿಯಲ್ಲಿ ಅಡಗಿಹೋಗಬೇಕಾದ ಸೀತೆಯನ್ನು ರಾಮನಿಗೆ ಮರಳಿ ಕೂಡಿಸಿದನು. ಇವರಾರೂ ಪಾಪಭೀತಿಯಿಂದ ಲೇಖನಿಯನ್ನು ಕೆಳಗಿಡಲಿಲ್ಲ.

ಹಾಗಾದರೆ ಎಲ್ಲೆಯೇ ಇಲ್ಲವೇ? ಇದೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಅದನ್ನು ಸ್ಪಷ್ಟವಾಗಿ ತೋರಿಸಿದ್ದಾನೆ. ರಾಮಾಯಣಾದಿಗಳಂತೆ ಜನರ ಮನಸ್ಸಿನಲ್ಲಿ ರಸವು ಸಿದ್ಧವಾಗಿ ನಿಂತಿರುವ ಕಥೆಗಳಲ್ಲಿ, ಆ ರಸಕ್ಕೆ ವಿರೋಧವಾಗುವಂಥ ಸ್ವೇಚ್ಛೆಯನ್ನು ಸೇರಿಸಬಾರದೆಂಬದು ಅವನ ಮತವು. ಅವನು ಸಂಗತಿಗಳ ಬದಲಾವಣೆಯನ್ನು ನಿಷೇಧಿಸುವದಿಲ್ಲವೆಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಯಾವ ಗುಣದ ಮೂಲಕ ಆ ಪುರುಷನು ಜನರ ಹೃದಯದಲ್ಲಿ ನೆಲೆಸಿರುವನೋ ಆ ಗುಣವನ್ನು ಕೆಡಿಸಬಾರದೆಂದಷ್ಟೇ ಅವನ ಆಶಯವು. ರಬಕವಿ ಬನಹಟ್ಟಿಗಳ ನೇಕಾರನನ್ನು ಕೇಳಿದರೆ ಇದನ್ನು ಇನ್ನೂ ಸುಲಭವಾಗಿ ತಿಳಿಸಿಯಾನು. ಹೊಕ್ಕಿನ ನೂಲಿನ ಬಣ್ಣವನ್ನು ಬೇಕಾದಂತೆ ಬದಲಿಸಬಹುದು. ಸೀರೆಯು ಬೇರೆ ಬೇರೆ ಅಂದವನ್ನು ಪಡೆಯುತ್ತದೆ. ಹಾಸಿನ ಎಳೆಗಳನ್ನೇ ಹರಿದರೆ ಮಗ್ಗದ ಮೇಲೆ ಅರಿವೆಯೇ ನಿಲ್ಲುವದಿಲ್ಲ. ಸಂಗತಿಗಳು ಹೊಕ್ಕು; ಸ್ವಭಾವವು ಹಾಸು.

ಈಗ ಈ ಒರೆಗಲ್ಲಿಗೆ ಮೇಲಿನ ಆಟಗಳನ್ನು ತಿಕ್ಕಿ ನೋಡೋಣ. ಗಾಂಧಿಯವರ ಬಳಿ ಪರಚಿತ್ತವನ್ನು ವಶಮಾಡುವ ಉಪಕರಣವಿತ್ತೆಂದು ಕಲ್ಪಿಸಿದರೆ ಕೆಡುವದೇನು? ೧೯೩೦ನೆಯ ಮಾರ್ಚ ೧೨ರಂದು ಅವರು ೭೮ ಜನ ಸಂಗಡಿಗರೊಡನೆ ಸಾಬರಮತಿಯಿಂದ ಹೊರಟು, ಸುಮಾರು ೨೪೦ ಮೈಲುಗಳನ್ನು ನಡೆದು, ಏಪ್ರಿಲ ೬ರಂದು ದಾಂಡಿಯಲ್ಲಿ ಉಪ್ಪನ್ನು ಎತ್ತಿದರು. ಆ ಸಂಗಡಿಗರಲ್ಲಿ ನಮ್ಮ ಕನ್ನಡನಾಡಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನೆಂಬ ತರುಣನೊಬ್ಬನಿದ್ದನು. ಮುಂದೆ ೧೯೪೩ರಲ್ಲಿ ಹೊಸರಿತ್ತಿಯಲ್ಲಿ ಅವನು ಗುಂಡಿಗೆ ಎದೆಗೊಟ್ಟು ಪ್ರಾಣವನ್ನು ಬಿಟ್ಟನು. ಅದೇ ೧೯೩೦ರ ಏಪ್ರಿಲದಲ್ಲಿ ಅಂಕೋಲೆಯ ಜನರು ಸಮುದ್ರದ ದಂಡೆಗೆ ಹೋಗಿ ಉಪ್ಪನ್ನು ಮಾಡಿದರು. ಕರನಿರಾಕರಣೆಯಲ್ಲಿ ಎಷ್ಟೋ ಒಕ್ಕಲುಗಳು ಹೊಲಮನೆಗಳನ್ನು ಕಳೆದುಕೊಂಡವು. ಇವರೆಲ್ಲರೂ ತಿಳಿದು, ಅಳೆದು, ಭಯವನ್ನು ನುಂಗಿ, ತಮ್ಮಷ್ಟಕ್ಕೆ ತಾವೇ ಮುಂದೆ ಬಂದವರು. ಎಲ್ಲವೂ ಉಪಕರಣದ ಮಾಟವಾಗಿದ್ದರೆ ಇವರು ಮುಂದೆ ಬಂದವರಾಗುವದಿಲ್ಲ, ಎಳೆಯಲ್ಪಟ್ಟವರಾಗುತ್ತಾರೆ. ಗಾಂಧಿಯವರ ಸತ್ಯನಿಷ್ಠೆಯು ಒಂದು ಯಂತ್ರದ ಗುಂಡಿಯಾಗುತ್ತದೆ. ಮಹಾದೇವಪ್ಪನ ಧೈರ್ಯವು ಒಂದು ಮಂಕಾಗುತ್ತದೆ. ಆದ್ದರಿಂದ ಇಂಥ ಕಲ್ಪನೆಯಿಂದ ಆಗುವ ಅನ್ಯಾಯವು ಮಹಾಪುರುಷನೊಬ್ಬನಿಗೇ ನಿಲ್ಲುವದಿಲ್ಲ. ಅವನನ್ನು ನಂಬಿ ನಡೆದ ಸಾಮಾನ್ಯ ಜನರ ಸ್ವಂತ ನಿರ್ಧಾರವನ್ನೂ ಅದು ಕಸಿದುಕೊಳ್ಳುತ್ತದೆ. ಮಹಾತ್ಮರ ಮಾನವನ್ನು ಕಾಯಲು ಜನರಿದ್ದಾರೆ. ಈ ಹೆಸರಿಲ್ಲದವರ ಮಾನವನ್ನು ಕಾಯುವವರಾರು?

ಏಸುಕ್ರಿಸ್ತನ ವಿಷಯದಲ್ಲಿಯೂ ಇದೇ ಮಾತು. ಪವಾಡಗಳನ್ನು ನಂಬದಿರುವದು ನಿಂದೆಯಲ್ಲ. ಪವಾಡವನ್ನು ಬದಿಗಿಟ್ಟು ಕ್ರಿಸ್ತನ ಉಪದೇಶಕ್ಕೆ ತಲೆಬಾಗಿದ ವಿಚಾರವಂತರು ಎಲ್ಲ ಕಾಲಕ್ಕೂ ಇದ್ದಾರೆ. ನಂಬದವನು ಪವಾಡವನ್ನು ತೆಗೆದು ಬೋಧೆಯನ್ನು ಉಳಿಸುತ್ತಾನೆ. ಉಪಕರಣದ ಕಥೆಯಾದರೋ ಪವಾಡವನ್ನು ಉಳಿಸಿ, ಅದನ್ನು ಮೋಸವೆಂದು ಕರೆದು, ಬೋಧೆಗೆ ಸ್ಥಳವನ್ನೇ ಇಡುವದಿಲ್ಲ. ಆ ಆಟದ ಕರ್ತರಿಗೆ ನ್ಯಾಯವನ್ನು ಸಲ್ಲಿಸುವ ಸಲುವಾಗಿ ಎರಡು ಸಂಗತಿಗಳನ್ನು ಹೇಳಬೇಕು. ಆ ಮಾತನ್ನು ಮೊದಲು ಆಡುವ ಗುರುವು ಕಥೆಯ ಕೊನೆಗೆ ಸ್ವತಃ ವಂಚಕನೆಂದು ತಿಳಿದುಬರುತ್ತಾನೆ. ಮೇಲಾಗಿ, ಇದು ನಾನಾ ಮತಗಳ ಮತ್ತು ನಾನಾ ನಂಬಿಗೆಗಳ ಜನರು ಕೂಡಿ ಮಾಡಿದ ಕಾಲ್ಪನಿಕ ಕೃತಿಯೆಂದು ಆಟದ ಆರಂಭದಲ್ಲಿಯೇ ಪ್ರಕಟಿಸಲಾಗಿದೆ. ನಮ್ಮ ಆಟಗಳಲ್ಲಿ ಮೊದಲು ಗಣಪತಿಯ ಸ್ತುತಿಯೂ ಕಡೆಗೆ ಮಂಗಳವೂ ಇರುವವಷ್ಟೆ? ‘ಇಲ್ಲಿಂದ ಇಲ್ಲಿಯವರೆಗೆ ಆಟವು, ಮುಂದೆ ಲೋಕವು’ ಎಂದು ಅವು ಬೇಲಿಯನ್ನು ಹಾಕುವಂತೆ, ಆ ಪ್ರಕಟನೆಯೂ ಒಂದು ಬೇಲಿಯೇ ಸರಿ. ದ್ವೇಷಬುದ್ಧಿಯಿಂದ ಬರೆದವನು ಬೇಲಿ ಹಾಕುವ ಶ್ರಮವನ್ನು ತೆಗೆದುಕೊಳ್ಳುವದಿಲ್ಲ. ಆದುದರಿಂದ ಅವರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳಲಾರೆವು. ಕಲ್ಪನೆಯು ಹಾಸಿನ ಎಳೆಯನ್ನು ಮುಟ್ಟಿತೆಂದು ಮಾತ್ರ ಹೇಳುವೆವು.

ಜಪಾನಿನ ಆಟದೊಳಗಿನ ಶ್ರೀಕೃಷ್ಣನ ವಿಷಯವು ಬೇರೆ. ಕೃಷ್ಣನನ್ನು ಶತ್ರುಪಕ್ಷದಲ್ಲಿ ನಿಲ್ಲಿಸಿದ್ದೇ ಅಪಮಾನವೆಂದು ಮೊದಲ ನೋಟಕ್ಕೆ ತೋರುವದು. ಆದರೆ ಭಾಗವತವನ್ನು ಓದಿದವರು ಹಾಗೆನ್ನಲಾರರು. ಕಂಸನಿಗೆ ಅವನು ಶತ್ರುವು, ಶಿಶುಪಾಲನಿಗೆ ಶತ್ರುವು, ಭಯದಿಂದಲೂ ದ್ವೇಷದಿಂದಲೂ ಅವನನ್ನೇ ನೆನೆಯುತ್ತಿದ್ದ ಅವರೂ ಅವನನ್ನೇ ಹೊಂದಿದರೆಂದು ಆ ಪುರಾಣವು ಸಾರುತ್ತದೆ. ಗದಾಯುದ್ಧದ ದುರ್ಯೋಧನನ ಕಣ್ಣಿಗೆ ಕೃಷ್ಣನು ಹೇಗೆ ಕಾಣುತ್ತಾನೆಂಬದನ್ನು ಮುಧೋಳದವರಾದ ನಾವು ಮರೆಯುವಂತಿಲ್ಲ. ಒಬ್ಬನ ಎದುರಾಳಿಯಾಗಿ ನಿಲ್ಲುವದರಿಂದ ದೇವರ ಸ್ವಭಾವವು ಕೆಡುವದಿಲ್ಲ. ದೂರದೇಶದ ಕಥೆಗಾರರು ಅವನನ್ನು ದೇವತಾಸಮೂಹಕ್ಕೆ ನಾಯಕನನ್ನಾಗಿ ಮಾಡಿರುವಾಗ, ಅವನ ಚಾತುರ್ಯವನ್ನೂ ಹಿರಿತನವನ್ನೂ ಸ್ವಲ್ಪಮಟ್ಟಿಗೆ ಅವರು ಅರಿತಿರಲೇಬೇಕು. ಶಾಸ್ತ್ರದೃಷ್ಟಿಯಿಂದ ನೋಡಿದರೆ ಗಾಂಧಿಯವರ ಉಪಕರಣಕ್ಕಿಂತ ಇದು ಕಡಿಮೆ ಅಪಾಯದ ಕಲ್ಪನೆಯೆನ್ನಬೇಕು.

ಆದರೆ ಅಪಾಯವು ಇನ್ನೊಂದು ದಿಕ್ಕಿನಿಂದ ಬರುತ್ತದೆ. ನೆರೆಮನೆಯ ಹುಡುಗನೊಬ್ಬನು, ಈ ಆಟವನ್ನು ಯಾರೋ ಆಡಿ ತೋರಿಸಿದ ದೃಶ್ಯಗಳನ್ನು ಮೊಬೈಲಿನಲ್ಲಿ ನೋಡಿ, ಒಂದು ದಿನ ನಮ್ಮನ್ನು ಕೇಳಿದನು: “ಅಜ್ಜಾರ, ಕೃಷ್ಣ ಮೊದಲಿಂದನೂ ಕೆಟ್ಟಾಂವನ ಏನ್ರಿ?” ಅವನ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದನು. ಕೃಷ್ಣನೆಂಬ ಹೆಸರು ಅವನ ಕಿವಿಯ ಮೇಲೆ ಎಷ್ಟೋ ಸಾರೆ ಬಿದ್ದಿತ್ತು. ಆದರೆ ಕೃಷ್ಣನ ಕಥೆಯೆಂದು ಮೊದಲಿನಿಂದ ಕಡೆಯವರೆಗೆ ಅವನು ಕಂಡದ್ದು ಇದೊಂದೇ. ಜಪಾನಿನವರು ಬದಲಿಸಿದ ಕಥೆಯು ಅವನ ಪಾಲಿಗೆ ಬದಲಿಸಿದ್ದಾಗಿರಲಿಲ್ಲ, ಅದೇ ಮೂಲವಾಗಿತ್ತು.

ನಾಟ್ಯವನ್ನು ನೋಡುವವನ ಜ್ಞಾನವು ಎಂಥದೆಂಬದನ್ನು ವಿವರಿಸಲು ಶ್ರೀಶಂಕುಕನೆಂಬ ಪ್ರಾಚೀನನು ‘ಚಿತ್ರತುರಗನ್ಯಾಯ’ವನ್ನು ಹೇಳಿದ್ದಾನೆ. ಚಿತ್ರದೊಳಗಿನ ಕುದುರೆಯನ್ನು ಕಂಡವನು ‘ಇದು ಕುದುರೆ’ ಎನ್ನುತ್ತಾನೆ. ಅದು ನಿಜವಾದ ಕುದುರೆಯೆಂಬ ಜ್ಞಾನವಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಕುದುರೆಯನ್ನು ಹೋಲುವದೆಂಬ ಸಾದೃಶ್ಯಜ್ಞಾನವೂ ಅಲ್ಲ. ಹಾಗೆಯೇ ವೇಷಧಾರಿಯನ್ನು ಕಂಡವನು ‘ಇವನು ರಾಮನು’ ಎನ್ನುತ್ತಾನೆ. ಈ ನ್ಯಾಯವು ಸೊಗಸಾದದ್ದೇ. ಆದರೆ ಅದಕ್ಕೆ ಒಂದು ಪೂರ್ವಸಿದ್ಧತೆಯು ಬೇಕು. ನೋಡುವವನು ಎಂದಾದರೊಮ್ಮೆ ಜೀವಂತ ಕುದುರೆಯನ್ನು ಕಂಡಿರಬೇಕು. ಅದನ್ನು ಕಾಣದವನಿಗೆ ಚಿತ್ರದ ಕುದುರೆಯು ಚಿತ್ರದ ಕುದುರೆಯಾಗುವದಿಲ್ಲ; ಆರು ಕಾಲುಗಳನ್ನು ಬರೆದು ತೋರಿಸಿದರೂ ಕುದುರೆಯೆಂದರೆ ಇದೇ ಎಂದು ಅವನು ತಿಳಿದಾನು.

ಪಾರಿಜಾತದ ಆಟದಲ್ಲಿ ಜನರು ನಗುವದಕ್ಕೂ ಮರುದಿನ ಕೈಮುಗಿಯುವದಕ್ಕೂ ವಿರೋಧವೇಕಿಲ್ಲವೆಂಬದರ ಕಾರಣವು ಇಲ್ಲಿಯೇ ಇರುತ್ತದೆ. ಗೋವರ್ಧನವನ್ನೆತ್ತಿದವನು, ಗೀತೆಯನ್ನು ಹೇಳಿದವನು, ಸುದಾಮನ ಅವಲಕ್ಕಿಯನ್ನು ತಿಂದವನು ಯಾರೆಂಬದನ್ನು ಅವರು ಬಾಲ್ಯದಿಂದಲೇ ಬಲ್ಲರು. ಅಂಥವನು ಹೆಂಡತಿಯ ಮುನಿಸಿಗೆ ಸೋತು ನಿಂತದ್ದು ಅವರಿಗೆ ನಗೆಯನ್ನೂ ಸಲಿಗೆಯನ್ನೂ ತರುತ್ತದೆ. ವಿನೋದವು ಪೂರ್ವಜ್ಞಾನದ ಮೇಲೆಯೇ ನಿಂತಿದೆಯೆಂಬದಕ್ಕೆ ಆಟಗಳ ಲೋಕದಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ೧೯೯೧ರಲ್ಲಿ ಅಮೆರಿಕದ ಸಿಡ್ ಮೈಯರನು ‘ಸಿವಿಲೈಜೇಶನ್’ ಎಂಬ ಆಟವನ್ನು ರಚಿಸಿದನು. ಅದರಲ್ಲಿ ಭಾರತಕ್ಕೆ ನಾಯಕರು ಗಾಂಧಿಯವರು. ಲೆಕ್ಕದ ತಪ್ಪೊಂದರಿಂದ ಈ ಗಾಂಧಿಯು ಅಣುಬಾಂಬುಗಳನ್ನು ಎಸೆಯತೊಡಗಿದನೆಂಬ ದಂತಕಥೆಯು ಹಬ್ಬಿತು. ಅಂಥ ತಪ್ಪೇ ಇರಲಿಲ್ಲವೆಂದು ಮೈಯರನು ೨೦೨೦ರ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ; ಆದರೂ ೨೦೧೦ರ ಐದನೆಯ ಆವೃತ್ತಿಯಲ್ಲಿ ಆ ಪ್ರವೃತ್ತಿಯನ್ನು ವಿನೋದಕ್ಕಾಗಿ ಬೇಕೆಂದೇ ಸೇರಿಸಲಾಯಿತು. ಈ ವಿನೋದಕ್ಕೆ ಜಗತ್ತು ನಗುವದು ಏತಕ್ಕೆ? ಗಾಂಧಿಯೆಂದರೆ ಅಹಿಂಸೆಯೆಂದು ಜಗತ್ತಿಗೆ ಗೊತ್ತಿರುವದಕ್ಕೆ. ಅದು ಮರೆತುಹೋದ ದಿನ ನಗೆಯೂ ನಿಂತುಹೋಗುವದು. ಬಾಂಬು ಎಸೆಯುವ ಮುದುಕನೊಬ್ಬನು ಮಾತ್ರ ಉಳಿಯುವನು.

ಇದರಿಂದ ನಿಷ್ಪನ್ನವಾಗುವದೇನೆಂದರೆ, ಕಲ್ಪನೆಯ ಸ್ವಾತಂತ್ರ್ಯವು ಕರ್ತನ ಹಕ್ಕಿನ ಮೇಲೆ ಮಾತ್ರವೇ ನಿಂತದ್ದಲ್ಲ. ನೋಡುವವರ ತಿಳಿವಳಿಕೆಯ ಮೇಲೂ ನಿಂತದ್ದು. ಪಂಪ ರನ್ನರು ಕಥೆಯನ್ನು ಧೈರ್ಯದಿಂದ ಬದಲಿಸಿದರು. ಏಕೆಂದರೆ ವ್ಯಾಸಭಾರತವು ಅವರ ಶ್ರೋತೃಗಳಿಗೆ ಗೊತ್ತಿತ್ತು. ತಿಳಿದವರ ಮುಂದೆ ಮಾಡಿದ ಬದಲಾವಣೆಯು ಒಂದು ಹೊಸ ಅರ್ಥವಾಗುತ್ತದೆ. ತಿಳಿಯದವರ ಮುಂದೆ ಅದೇ ಬದಲಾವಣೆಯು ತಪ್ಪು ಪಾಠವಾಗುತ್ತದೆ. ಅಂದ ಮೇಲೆ ಧರ್ಮವು ಎರಡು ಕಡೆಗೂ ಉಂಟು. ಪೂಜ್ಯನ ಸ್ವಭಾವದ ಎಳೆಯನ್ನು ಹರಿಯದಿರುವದು ಆಟ ಕಟ್ಟುವವನ ಧರ್ಮವು. ಮೂಲವನ್ನು ಮೊದಲು ತಿಳಿಸಿಕೊಡುವದು ಮನೆಯ ಹಿರಿಯರ ಧರ್ಮವು.

ಇನ್ನು ನಿಷೇಧವನ್ನು ಬೇಡುವವರ ಮಾತನ್ನು ವಿಚಾರಿಸುವದು ಉಳಿದಿದೆ. ೨೦೧೨ರಲ್ಲಿ ‘ಸ್ಮೈಟ್’ ಎಂಬ ಆಟದಲ್ಲಿ ಕಾಳಿ ಮೊದಲಾದ ದೇವತೆಗಳನ್ನು ಆಡುವವರು ತಮ್ಮ ಕೈಯಿಂದ ಕುಣಿಸಿ ಕಾದಾಡಿಸುವಂತಿರುವದನ್ನು ಕಂಡು ಅಮೆರಿಕದ ಕೆಲವರು ಹಿಂದುಗಳು ವಿರೋಧಿಸಿದರು. ಭಕ್ತನು ದೇವರ ಕೈಯಲ್ಲಿರಬೇಕಲ್ಲದೆ ದೇವರು ಆಟಗಾರನ ಕೈಯಲ್ಲಿರಬಾರದೆಂಬದು ಅವರ ನೋವಿನ ತಿರುಳು. ಈ ನೋವು ಗೌರವಕ್ಕೆ ಪಾತ್ರವಾದದ್ದು. ಆದರೆ ಬಯಲಾಟದಲ್ಲಿ ಒಕ್ಕಲಿಗನೊಬ್ಬನು ಕಿರೀಟವನ್ನು ಕಟ್ಟಿಕೊಂಡು ದೇವರಾಗುವಾಗಲೂ ದೇವರು ಮನುಷ್ಯನ ಕೈಯಲ್ಲಿಯೇ ಇರುತ್ತಾನೆ. ಅವನು ಆ ಕಿರೀಟವನ್ನು ಕಣ್ಣಿಗೊತ್ತಿಕೊಂಡು ಧರಿಸುತ್ತಾನೆಂಬದೇ ವ್ಯತ್ಯಾಸವು. ಆ ವಿನಯವನ್ನು ಕಲಿಸಬಹುದು, ಕಾಯಿದೆಯಿಂದ ಹುಟ್ಟಿಸಲಾಗದು. ಧಾರ್ಮಿಕ ಭಾವನೆಗಳನ್ನು ಕೆರಳಿಸುವದನ್ನು ದಂಡಿಸಲು ೧೯೨೭ರಲ್ಲಿ ದಂಡಸಂಹಿತೆಗೆ ೨೯೫ಎ ಎಂಬ ಕಲಮು ಸೇರಿತು; ಅದೇ ೨೦೨೪ರಿಂದ ಭಾರತೀಯ ನ್ಯಾಯಸಂಹಿತೆಯ ೨೯೯ನೆಯ ಕಲಮಾಗಿರುತ್ತದೆ. ಅದು ಕೂಡ ಉದ್ದೇಶಪೂರ್ವಕವಾದ ದ್ವೇಷಬುದ್ಧಿಯನ್ನು ಮಾತ್ರ ದಂಡಿಸುತ್ತದೆ, ಕಲ್ಪನೆಯನ್ನಲ್ಲ. ಅದು ಯುಕ್ತವೂ ಹೌದು. ನಿಷೇಧದ ಕತ್ತಿಯನ್ನು ಒಮ್ಮೆ ಹಿರಿದರೆ ಅದು ಕೆಟ್ಟ ಆಟಕ್ಕೂ ಚಾಮರಸನಿಗೂ ಭೇದವನ್ನೆಣಿಸದು. ಮೇಲಾಗಿ, ಒಂದು ಆಟವನ್ನು ನಿಲ್ಲಿಸಿದ ಮಾತ್ರಕ್ಕೆ ಆ ನೆರೆಮನೆಯ ಹುಡುಗನಿಗೆ ಕೃಷ್ಣನು ತಿಳಿಯುವನೇ? ಮೊದಲು ತಪ್ಪಾದರೂ ಒಂದು ಕಥೆಯಿತ್ತು, ಒಂದು ಪ್ರಶ್ನೆಯಿತ್ತು. ನಿಷೇಧದ ತರುವಾಯ ಎರಡೂ ಇಲ್ಲದಂತಾದೀತು.

“ಇದೆಲ್ಲ ಶಾಲೆಯ ಕೆಲಸವು” ಎಂದು ಕೆಲವರು ಹೇಳುವರು. ಶಾಲೆಯಲ್ಲಿ ರನ್ನನ ಒಂದು ಪದ್ಯವನ್ನು ಅರ್ಥಸಹಿತ ಕಲಿಸಬಹುದು. ಕೃಷ್ಣನ ಕಥೆಯಾಗಲಿ, ಬಸವಾದಿ ಶರಣರ ಕಥೆಯಾಗಲಿ, ಕ್ರಿಸ್ತ ಪೈಗಂಬರರ ಕಥೆಯಾಗಲಿ ಮೈಗೆ ಹತ್ತುವಂತೆ ತಿಳಿಯುವದು ರಾತ್ರಿಯ ಊಟದ ತರುವಾಯ ಮನೆಯಲ್ಲಿಯೇ. ಮನೆಗಳಲ್ಲಿ ಕಥೆಯು ನಿಂತುಹೋದದ್ದಕ್ಕೆ ಆಟದ ಕಂಪನಿಗಳನ್ನು ಬಯ್ಯುವದು ನ್ಯಾಯವಲ್ಲ. ಖಾಲಿ ಬಿಟ್ಟ ಜಾಗವನ್ನು ಯಾರಾದರೂ ಹಿಡಿಯುವರೇ. ಹುಡುಗರ ಕೈಯಿಂದ ಮೊಬೈಲನ್ನು ಕಸಿದುಕೊಳ್ಳುವದಕ್ಕಿಂತ, ಅವರು ಕಂಡ ಆಟದ ಕಥೆಯನ್ನು ಅವರಿಂದಲೇ ಹೇಳಿಸಿ, ಬಳಿಕ ನಾವು ಬಲ್ಲ ಕಥೆಯನ್ನು ಹೇಳಿ, “ಎಲ್ಲೆಲ್ಲಿ ಬೇರೆಯಾಯಿತು ನೋಡು, ಏತಕ್ಕೆ ಬದಲಿಸಿರಬಹುದು ಹೇಳು” ಎಂದು ಕೇಳುವದು ಹೆಚ್ಚಿನ ಫಲವನ್ನು ಕೊಡುತ್ತದೆ. ನೆರೆಮನೆಯ ಹುಡುಗನೊಂದಿಗೆ ನಾವು ಮಾಡಿದ್ದೂ ಅಷ್ಟೇ. ಶಿಶುಪಾಲನ ನೂರು ಅಪರಾಧಗಳನ್ನು ಕೃಷ್ಣನು ಎಣಿಸುತ್ತ ಕಾದನೆಂಬಲ್ಲಿ ಅವನು, “ಹಂಗಾರ ಆಟದಾಗ ಅಂವಗ ಇಷ್ಟ ಲಗೂನ ಸಿಟ್ಟ ಬರಬಾರದಿತ್ತಲ್ಲರಿ” ಎಂದನು. ಹತ್ತು ವರುಷದ ಹುಡುಗನು ಆನಂದವರ್ಧನನ ಸೂತ್ರವನ್ನು ತನ್ನ ಭಾಷೆಯಲ್ಲಿ ಹೇಳಿದಂತಾಯಿತು! ಕೃಷ್ಣನ ಸ್ವಭಾವವು ತಿಳಿದೊಡನೆ, ಎಲ್ಲಿ ಎಳೆ ಹರಿಯಿತೆಂಬದನ್ನು ಅವನೇ ಕಂಡುಹಿಡಿದನು. ಆಟವನ್ನು ಅವನು ಬಿಡಲಿಲ್ಲ; ಬಿಡಬೇಕೆಂದು ನಾವೂ ಹೇಳಲಿಲ್ಲ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವು ಇಷ್ಟೇ. ಆರಾಧ್ಯರನ್ನು ಆಟದೊಳಗೆ ತರಬಾರದೆಂದು ಹೇಳುವ ಅಧಿಕಾರವು ಪಾರಿಜಾತವನ್ನು ನೋಡಿ ಬೆಳೆದ ನಮಗಿಲ್ಲ. ತಂದವರು ಅವರ ಗುಣವನ್ನೂ, ಅವರನ್ನು ನಂಬಿದ ಜನರ ಬುದ್ಧಿಯನ್ನೂ ಯಂತ್ರಕ್ಕೆ ಒಪ್ಪಿಸಬಾರದೆಂದು ಕೇಳುವ ಹಕ್ಕಾದರೂ ನಮಗೆ ಉಂಟು. ಆ ಹಕ್ಕು ನಮಗೆ ಸಲ್ಲಬೇಕಾದರೆ, ಮೂಲವನ್ನು ನಾವು ಮರೆಯದಿರಬೇಕು. ಮಕ್ಕಳಿಗೆ ಹೇಳದೆಯೂ ಇರಬಾರದು. ಜಾತ್ರೆಯ ಬಯಲಿನಲ್ಲಿ ಆಡಿದರೂ ಅಂಗೈಯಗಲದ ತೆರೆಯ ಮೇಲೆ ಆಡಿದರೂ ಆಟವು ಒಂದು ಹೊತ್ತಿಗೆ ಮುಗಿಯುತ್ತದೆ. ಮುಗಿದ ಮೇಲೆ ನೋಡಿದವನ ಮನಸ್ಸು ಯಾವ ಕಥೆಗೆ ಮರಳುವದೆಂಬದು ಆ ಮನೆಯಲ್ಲಿ ಮೊದಲು ಹೇಳಿದ ಕಥೆಯನ್ನು ಅವಲಂಬಿಸಿರುತ್ತದೆ. ಅಲಮತಿವಿಸ್ತರೇಣ.